ಟಂಗ್‌ಸ್ಟನ್ ಬಿಲ್ಲೆಯ ತಕರಾರು

ಸಂಕ್ರಾಂತಿ ಕಳೆದ ಮೇಲಿನ ಚಳಿ. ಹೊತ್ತು ಇನ್ನೂ ಮೂಡಿರಲಿಲ್ಲ, ಮೂಡಲ ಕಡೆ ಬೂದಿ ಬಣ್ಣ ತೆಳ್ಳಗೆ ಹರಡಿತ್ತು. ಕೋಲಾರದ ಚಿನ್ನದ ಗಣಿಯ ಹಿಂದಿರುವ ಸೈನೈಡ್ ದಿಬ್ಬದ ಮೇಲೆ ಮರಿಯದಾಸ್ ಎನ್ನುವ ಮನುಷ್ಯ ಕಪ್ಪು ಕಂಬಳಿಯನ್ನು ತಲೆಯ ಮೇಲಿಂದ ಹೊದ್ದುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ. ದೂರದಿಂದ ನೋಡಿದವರು ಚಳಿಗೆ ಮುದುಡಿದ್ದಾನೆ ಅಂದುಕೊಳ್ಳಬೇಕು. ಕಂಬಳಿಯೊಳಗೆ ಅವನ ಕೈಯಲ್ಲಿ ಒಂದು ದೀಪವಿತ್ತು. ಆ ದೀಪದ ಬೆಳಕು ಮನುಷ್ಯರ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಆದರೆ ನನ್ನ ಜಾತಿಯ ಹರಳಿನ ಮೇಲೆ ಬಿದ್ದರೆ ಹರಳು ನೀಲಿಯಾಗಿ ಹೊಳೆಯುತ್ತದೆ. ಅವನು ದೀಪವನ್ನು ಮರಳಿಗೆ ಹಿಡಿದ. ನಾನು ಹೊಳೆದೆ.

“ಮಾತಾವೇ! ಇಲ್ಲಿ ನೋಡಿ ಸಾರ್, ನಕ್ಷತ್ರ ಚೆಲ್ಲಿದಂಗೈತೆ!” ಎಂದು ಅವನು ಹಿಂದೆ ನಿಂತಿದ್ದ ಗಣಿಯ ಅಧಿಕಾರಿಗೆ ಕಂಬಳಿಯೊಳಗಿಂದಲೇ ಕೂಗಿದ.

ನನ್ನ ಹುಟ್ಟು ಅಂತ ಹೇಳುವುದಾದರೆ ಅದೇ. ಅದಕ್ಕೂ ಮೊದಲು ನಾನಿದ್ದೆ, ಯಾರೂ ನನ್ನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ ಅಷ್ಟೆ. ಭೂಮಿಯ ಹೊಟ್ಟೆಯಲ್ಲಿ ಚಿನ್ನದ ಮಗ್ಗುಲಲ್ಲೇ ಮಲಗಿದ್ದವನು. ಅಗೆದವರು ಚಿನ್ನವನ್ನು ಬಾಚಿಕೊಂಡು ನನ್ನನ್ನು ಕೆಸರಿನ ಜೊತೆ ಹೊರಗೆ ಚೆಲ್ಲಿದರು. ದಿಬ್ಬ ಬೆಳೆಯಿತು. ಬೇಸಿಗೆಯ ಗಾಳಿಗೆ ನಮ್ಮ ಧೂಳು ಹಾರಿ ಒಣಹಾಕಿದ ಬಟ್ಟೆಯ ಮೇಲೆ ಕೂತರೆ ಕಾಲೋನಿಯ ಹೆಂಗಸರು ಕೊಡವಿ ಕೊಡವಿ ಶಾಪ ಹಾಕುತ್ತಿದ್ದರು. ಬೈಗುಳ ಕೇಳಿಕೊಂಡೇ ಬೆಳೆದವನು ನಾನು. ಹಾಗಾಗಿ ಮುಂದೆ ಓದಿದವರು ನನ್ನನ್ನು ‘ಕಲ್ಮಶ’ ಎಂದು ಕರೆದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ಒಪ್ಪಲೂ ಇಲ್ಲ. ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ. ಆ ತಕರಾರು ಹೇಳುವುದಕ್ಕೇ ಬಾಯಿ ಬಿಟ್ಟಿದ್ದೇನೆ.

ನಾನು ಟಂಗ್‌ಸ್ಟನ್ ಎಂಬ ಲೋಹದ ಒಂದು ಬಿಲ್ಲೆ. ಅಂಗೈ ಅಗಲ, ಹೆಬ್ಬೆರಳ ದಪ್ಪ, ಬೂದು ಬಣ್ಣ. ನೋಡಿದವರು ಮೂಗು ಮುರಿಯುತ್ತಾರೆ, ಎತ್ತಿದವರು “ಅಬ್ಬ!” ಎನ್ನುತ್ತಾರೆ, ಯಾಕೆಂದರೆ ಇದೇ ಗಾತ್ರದ ಕಬ್ಬಿಣ ನನ್ನ ಅರ್ಧ ಭಾರವೂ ತೂಗುವುದಿಲ್ಲ. ಓದು ಬರಹ ನನಗೆ ಅಷ್ಟಕ್ಕಷ್ಟೆ. ಕೇಳಿದ್ದು, ಕಂಡದ್ದು, ಮೈಮೇಲೆ ಬಿದ್ದದ್ದು, ಇಷ್ಟೇ ನನ್ನ ವಿದ್ಯೆ. ಮರೆವು ಮಾತ್ರ ಇಲ್ಲ.

ದಿಬ್ಬದಿಂದ ಎತ್ತಿದ ಮೇಲೆ ನನ್ನನ್ನು ಕುಟ್ಟಿದರು, ಆಸಿಡ್ಡಿನಲ್ಲಿ ನೆನೆಸಿದರು. ಹರಳಿನಲ್ಲಿ ಸುಣ್ಣವೂ ನಾನೂ ಒಂದೇ ಮೈಯಾಗಿದ್ದೆವು, ನಮ್ಮಿಬ್ಬರನ್ನೂ ಬೇರೆ ಮಾಡಿದರು. ಕೊನೆಗೆ ಉಳಿದದ್ದು ಬೂದು ಪುಡಿ. ಅದನ್ನು ಕರಗಿಸಿ ಎರಕ ಹೊಯ್ಯೋಣವೆಂದರೆ ಅವರ ಹತ್ತಿರ ಅಂಥ ಕುಲುಮೆ ಇರಲಿಲ್ಲ. ಕಬ್ಬಿಣ ನೀರಾಗಿ ಹರಿಯುವ ಬಿಸಿಯಲ್ಲಿ ನನಗೆ ಮೈ ಬೆಚ್ಚಗಾಯಿತು ಅನ್ನಿಸುತ್ತದೆ, ಅಷ್ಟೆ. ಹಾಗಾಗಿ ಪುಡಿಯನ್ನೇ ಅಚ್ಚಿನಲ್ಲಿ ಹಾಕಿ ಒತ್ತಿದರು, ಕಾಯಿಸಿದರು, ಮತ್ತೆ ಒತ್ತಿದರು. ಬಗ್ಗಲಿಲ್ಲ. ಬಗ್ಗದೆ ಇದ್ದುದಕ್ಕೇ ನನ್ನನ್ನು ಆರಿಸಿದರು ಅನ್ನುವುದು ಆಮೇಲೆ ಗೊತ್ತಾಯಿತು.

ನನ್ನನ್ನು ಕೊಂಡವರು ಬಯಲುಸೀಮೆಯ ಒಂದು ಹುಲ್ಲುಗಾವಲಿನ ನಡುವೆ ಇದ್ದ ಪ್ರಯೋಗಶಾಲೆಯವರು. ಅಲ್ಲಿ ಒಂದು ಯಂತ್ರ. ಉದ್ದಿನ ವಡೆಯ ಆಕಾರದ ಟೊಳ್ಳು ಪಾತ್ರೆ, ಉಕ್ಕಿನದು, ಎರಡಾಳು ಎತ್ತರ. ಅದಕ್ಕೊಂದು ದೊಡ್ಡ ಹೆಸರಿತ್ತು, ಆದರೆ ಅಲ್ಲಿನ ಕೆಲಸದವರೆಲ್ಲ ‘ವಡೆ’ ಎಂದೇ ಕರೆಯುತ್ತಿದ್ದರು. ವಡೆಯ ಸುತ್ತ ತಾಮ್ರದ ಸುರುಳಿಗಳು. ಅವುಗಳಲ್ಲಿ ಕರೆಂಟು ಹರಿಸಿದರೆ ಒಳಗೆ ಕಣ್ಣಿಗೆ ಕಾಣದ ಕಾಂತದ ಹಗ್ಗಗಳು ಹುಟ್ಟುತ್ತವೆ. ಆ ಹಗ್ಗಗಳು ಒಂದು ಬೆಂಕಿಯನ್ನು ಗೋಡೆಗೆ ತಾಗದ ಹಾಗೆ ನಡುವೆ ಹಿಡಿದಿಡುತ್ತವೆ. ಒಲೆಯ ಬೆಂಕಿಯನ್ನು ನೆನೆಸಿಕೊಳ್ಳಬೇಡಿ. ಇದು ಸೂರ್ಯನ ಹೊಟ್ಟೆಯ ಬೆಂಕಿಯ ಬಳಗ. ಪ್ಲಾಸ್ಮಾ ಎನ್ನುತ್ತಾರೆ. ಜಲಜನಕದ ಕಣಗಳನ್ನು ಹಾಗೆ ಕಾಯಿಸಿ, ಹರಡಲು ಬಿಡದೆ ಹಿಡಿದುಕೊಂಡರೆ ಅವು ಒಂದಕ್ಕೊಂದು ಬೆಸೆದುಕೊಂಡು ಶಕ್ತಿ ಕೊಡುತ್ತವೆ. ಊರಿಗೆಲ್ಲ ದೀಪ ಹತ್ತಿಸಬಹುದು ಎಂಬ ಆಸೆ.

ಎಷ್ಟೇ ಹಿಡಿದರೂ ಬೆಂಕಿಯ ಬಾಲ ತಳದಲ್ಲಿ ಒಂದು ಕಡೆ ತಾಗಿಯೇ ತಾಗುತ್ತದೆ. ಅಲ್ಲಿ ಮೊದಲು ಇದ್ದಿಲಿನ ಜಾತಿಯ ಕರಿ ಬಿಲ್ಲೆಗಳಿದ್ದವು. ಅವು ಮೆತ್ತಗೆ, ಸವೆಯುತ್ತಿದ್ದವು, ಸಾಲದ್ದಕ್ಕೆ ಜಲಜನಕವನ್ನು ನುಂಗುತ್ತಿದ್ದವು. ಅವನ್ನು ಕಿತ್ತು ಟಂಗ್‌ಸ್ಟನ್ ಹಾಕಬೇಕೆಂದು ಹಟ ಹಿಡಿದವಳು ಶಾಹೀನ್ ಎಂಬ ವಿಜ್ಞಾನಿ. ಪಾಂಡವಪುರದ ಕಡೆಯವಳು. ಭಾರದ ಕಣಗಳು ಪ್ಲಾಸ್ಮಾದೊಳಗೆ ಎಲ್ಲಿ ಹೋಗುತ್ತವೆ, ಎಲ್ಲಿ ಕೂರುತ್ತವೆ, ಹೇಗೆ ಹೊರಗೆ ಬರುತ್ತವೆ ಎಂದು ನೋಡುವುದೇ ಅವಳ ಕೆಲಸ. ತಲೆಗೂದಲು ಕಪ್ಪಿದ್ದಾಗ ಹಿಡಿದ ಕೆಲಸ, ನಾನು ಬರುವ ಹೊತ್ತಿಗೆ ಕಿವಿಯ ಪಕ್ಕ ನರೆತಿತ್ತು.

ಯಂತ್ರದ ಮುಖ್ಯಸ್ಥರು ಕೇಶವ ಹೆಬ್ಬಾರರು. ಕುಂದಾಪುರದವರು, ಇಸ್ತ್ರಿ ಕೆಡದ ಅಂಗಿ, ಗದ್ದಲವೆಂದರೆ ಆಗದು. ಅವರು ಶಾಹೀನಳ ಹಟಕ್ಕೆ ಒಪ್ಪಿದ್ದು ಒಂದು ಮಾತು ಹೇಳಿಯೇ.

“ಟಂಗ್‌ಸ್ಟನ್ ಗಟ್ಟಿ ಉಂಟು, ಇಲ್ಲ ಅಂತಿಲ್ಲ ನಾನು. ಆದ್ರೆ ಅದರದ್ದು ಒಂದು ಚೂರು ನಡುವಿಗೆ ಹೋಗಿ ಕೂತ್ರೆ ಬೆಂಕಿ ನಂದಿ ಹೋಗ್ತದೆ ಮಾರಾಯ್ತಿ. ಆಗ ಯಾರನ್ನು ಕೇಳುದು?”

“ನನ್ನನ್ನೇ ಕೇಳಿ ಸಾರ್,” ಎಂದಳು ಶಾಹೀನ್.

ಈ ಮಾತುಗಳೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಆಮೇಲೆ ಬಹಳ ಕಾಲ ಅವರ ಮೇಜಿನ ಮೇಲೇ ಕೂತಿದ್ದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎತ್ತಿ ಆಡುವುದು ಮನುಷ್ಯರ ಸ್ವಭಾವ. ಒಂದೊಂದು ಜಗಳವನ್ನೂ ಹತ್ತು ಸಲ ಕೇಳಿದ್ದೇನೆ.

ನನ್ನನ್ನು ಒಳಗೆ ಕೂರಿಸಿದವನು ಓಬಯ್ಯ. ಆ ಸೀಮೆಯವನೇ, ನಿರ್ವಾತದ ಪಂಪುಗಳನ್ನು ನೋಡಿಕೊಳ್ಳುವವನು. ವಡೆಯ ಹೊಟ್ಟೆಯೊಳಗೆ ನುಸುಳಿ ಬೋರಲು ಮಲಗಿ ಒಂದೊಂದೇ ಬಿಲ್ಲೆ ಜೋಡಿಸಿದ. ಕೈಗೆ ಗವಸು, ತಲೆಗೆ ಟೋಪಿ, ಮೂಗಿಗೆ ಬಟ್ಟೆ. ಒಂದು ಬೆರಳ ಗುರುತು ಒಳಗೆ ಬಿದ್ದರೂ ಹೆಬ್ಬಾರರ ಮುಖ ನೋಡುವ ಹಾಗಿರುವುದಿಲ್ಲ. ಬೆರಳಿನ ಜಿಡ್ಡು ಕೂಡ ಕಲ್ಮಶ. ಬೇಸಿಗೆ, ಒಳಗೆ ಗಾಳಿಯಿಲ್ಲ. ಓಬಯ್ಯ ಬೆವೆತು ನೀರಾಗಿದ್ದ.

“ಮೇಡಮ್ಮಾರೆ, ನಿಮ್ಮ ಈ ಬಿಲ್ಲೆ ಒಂದೊಂದೂ ನಮ್ಮ ಮಾವನ ಮನೆ ಬೀಸೋ ಕಲ್ಲಿನಂಗೈತೆ,” ಎಂದು ಒಳಗಿಂದ ಕೂಗಿದ.

“ಬೀಳಿಸಬೇಡಿ ಓಬಯ್ಯ.”

“ಬೀಳ್ಸಿದ್ರೆ ಬಿಲ್ಲೆಗೇನಾಗಲ್ಲ ತಾಯಿ, ನನ್ನ ಬೆರಳು ಹೋಗ್ತೈತೆ.”

ಬಾಗಿಲು ಹಾಕಿದರು. ಗಾಳಿಯನ್ನೆಲ್ಲ ಹೊರಗೆ ಎಳೆದರು. ಮೊದಲ ಬೆಂಕಿ ಹತ್ತಿತು.

ಎಲೆ ಅಡಿಕೆ ಬಾಯಿಗಿಟ್ಟು ಮೊದಲ ರಸ ನುಂಗುವಷ್ಟು ಹೊತ್ತು, ಒಂದು ಸಲದ ಬೆಂಕಿ ಅಷ್ಟೇ ಇರುತ್ತದೆ. ಅಷ್ಟರಲ್ಲಿ ನನ್ನ ಮೈಯಿಂದ ಕಣ್ಣಿಗೆ ಕಾಣದ ಹುಡಿ ಎದ್ದಿತು. ಬಿಲ್ಲೆ ತಳದಲ್ಲೇ ಇದ್ದರೂ ಆ ಹುಡಿಯೂ ನಾನೇ. ಹೋದವನು ನಾನೇ, ಕಂಡವನು ನಾನೇ.

ಎದ್ದ ಕೂಡಲೇ ಬಿಸಿ ನನ್ನನ್ನು ಸುಲಿಯಿತು. ಎಲೆಕ್ಟ್ರಾನುಗಳು ಒಂದೊಂದಾಗಿ ಕಳಚಿಕೊಂಡು ಹೋದವು. ಕಳಚಿದಷ್ಟೂ ಕಾಂತದ ಹಗ್ಗ ಬಿಗಿಯಾಗಿ ಸುತ್ತಿಕೊಂಡಿತು. ಸುಮ್ಮನೆ ನೇರವಾಗಿ ನಡುವಿಗೆ ನಡೆದುಹೋಗಲು ಅಲ್ಲಿ ಯಾರಿಗೂ ಆಗುವುದಿಲ್ಲ. ಹಗ್ಗದ ಸುತ್ತ ಗಿರಗಿರನೆ ತಿರುಗುತ್ತ, ಜಲಜನಕದ ಪುಟ್ಟ ಕಣಗಳ ಗುದ್ದು ತಿನ್ನುತ್ತ, ಒಂದೊಂದು ಗುದ್ದಿಗೆ ಒಂದು ಹಗ್ಗದಿಂದ ಪಕ್ಕದ ಹಗ್ಗಕ್ಕೆ ಜಾರುತ್ತ ಹೋಗಬೇಕು. ಪುಟ್ಟ ಕಣಗಳ ಸಂದಣಿ ನಡುವಿನಲ್ಲಿ ಹೆಚ್ಚು. ಆ ಸಂದಣಿಯ ಏರು ನನ್ನಂಥ ಭಾರದವನನ್ನು ಒಳಕ್ಕೆ ಎಳೆಯುತ್ತದೆ. ಬಿಸಿಯ ಏರು ಮಾತ್ರ ಹೊರಕ್ಕೆ ತಳ್ಳುತ್ತದೆ. ನಾನಾಗಿ ಒಳಗೆ ನುಗ್ಗಿದೆ ಎಂದು ದೂರುವವರು ಇದನ್ನು ಕೇಳಿಸಿಕೊಳ್ಳಲಿ: ಒಂದು ಎಳೆತ, ಒಂದು ತಳ್ಳಾಟ. ಯಾವುದರ ಕೈ ಮೇಲಾಗುತ್ತದೋ ಅತ್ತ ಹೋಗುತ್ತೇನೆ. ಆ ಏರುಗಳನ್ನು ಕಟ್ಟುವವರು ಹೊರಗೆ ಗುಂಡಿ ಒತ್ತುವ ಮಂದಿ.

ನಡುವನ್ನು ಮುಟ್ಟಿದೆ. ಅಲ್ಲಿ ಸುಮ್ಮನಿರಲು ನನ್ನಿಂದ ಆಗದು. ಹೊರಗಿನ ಎಲೆಕ್ಟ್ರಾನುಗಳೆಲ್ಲ ಕಳಚಿದರೂ ಒಳಗಿನ ಕೆಲವು ನನ್ನನ್ನು ಬಿಡುವುದಿಲ್ಲ. ಅವುಗಳಿಗೆ ಗುದ್ದು ಬಿದ್ದಾಗಲೆಲ್ಲ ನಾನು ಬೆಳಕಾಗುತ್ತೇನೆ. ಕಣ್ಣಿಗೆ ಕಾಣದ ಬೆಳಕು, ಎಕ್ಸ್-ರೇ ಜಾತಿಯದು. ಆ ಬೆಳಕು ನಡುವಿನ ಬಿಸಿಯನ್ನು ಹೊತ್ತುಕೊಂಡು ಹೊರಗೆ ಹೋಗಿಬಿಡುತ್ತದೆ. ನನ್ನಂಥವರು ಹೆಚ್ಚಾದರೆ ನಡು ತಣ್ಣಗಾಗುತ್ತದೆ. ಹೊಳೆಯುವುದು ನನ್ನ ಗುಣ. ದಿಬ್ಬದ ಮೇಲೂ ಹೊಳೆದೆ, ಇಲ್ಲಿಯೂ ಹೊಳೆದೆ. ಅಲ್ಲಿ ಕುಣಿದಾಡಿದರು, ಇಲ್ಲಿ ಬೈದರು.

ಆದರೆ ಮೊದಮೊದಲು ನಾನು ನಡುವಿನಲ್ಲಿ ಕೂರಲೇ ಇಲ್ಲ. ಆ ಕಾಲದ ಬೆಂಕಿಗೆ ಒಂದು ಅಭ್ಯಾಸವಿತ್ತು. ಸ್ವಲ್ಪ ಹೊತ್ತು ನಡುವಿನಲ್ಲಿ ಬಿಸಿ ಏರುವುದು, ಏರಿ ಏರಿ ಒಮ್ಮೆಗೇ ತುಳುಕುವುದು, ಮತ್ತೆ ಏರುವುದು. ಅದನ್ನು ಅಲ್ಲಿಯವರು ‘ಬಿಕ್ಕಳಿಕೆ’ ಎನ್ನುತ್ತಿದ್ದರು. ಒಂದೊಂದು ಬಿಕ್ಕಳಿಕೆಗೂ ನಡುವಿನಲ್ಲಿದ್ದ ನಾವೆಲ್ಲ ಹೊರಕ್ಕೆ ಚೆಲ್ಲಿಹೋಗುತ್ತಿದ್ದೆವು.

ಆ ದಿನಗಳಲ್ಲೇ ಸುಣ್ಣದ ಪ್ರಕರಣ ನಡೆದದ್ದು. ಬೆಂಕಿಯ ಬೆಳಕನ್ನು ಬಿಡಿಸಿ ಒಳಗೆ ಯಾರು ಯಾರಿದ್ದಾರೆಂದು ತೋರಿಸುವ ಪರದೆ ಶಾಹೀನಳ ಎದುರಿಗಿತ್ತು. ಅದರಲ್ಲಿ ಯಾರೂ ಕರೆಯದ ಒಂದು ಗೆರೆ ಮೂಡಿತು. ಕ್ಯಾಲ್ಸಿಯಂ, ಅಂದರೆ ಸುಣ್ಣದ ಸತ್ವ. ನನಗೆ ಒಳಗೆ ಹಳೆಯ ನೆಂಟನನ್ನು ಕಂಡ ಹಾಗಾಯಿತು. ಹೊರಗೆ ಹೆಬ್ಬಾರರ ಮೈಯೆಲ್ಲ ಉರಿ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನೋಡಿದರು. ಓಬಯ್ಯನ ಹಣೆಯ ಹತ್ತಿರ ಬಂದು ನಿಂತರು. ಅವನು ದಿನಾ ಮೂರು ಪಟ್ಟೆ ವಿಭೂತಿ ಬಳಿಯುವವನು, ವಿಭೂತಿಯಲ್ಲೂ ಸುಣ್ಣದ ಅಂಶವಿರುತ್ತದೆ.

“ಎಂತ ಅದು ಹಣೆಯಲ್ಲಿ?”

“ಈಬತ್ತಿ, ಸಾ.”

“ಮೊನ್ನೆ ಒಳಗೆ ಹೋಗುವಾಗ ಮೂರು ಗೆರೆ ಇತ್ತು. ಬರುವಾಗ ಒಂದೂವರೆ. ಉಳಿದದ್ದು ಎಲ್ಲಿ?”

ಓಬಯ್ಯ ಹಣೆ ಮುಟ್ಟಿಕೊಂಡ. ನಿಧಾನವಾಗಿ ಯಂತ್ರದ ಕಡೆ ನೋಡಿದ. “ಬೆವರಿನಾಗೆ ಇಳಿದೈತೇನೋ, ಸಾ,” ಎಂದ.

ಶಾಹೀನ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಹೆಬ್ಬಾರರು ನಗಲಿಲ್ಲ. ಇನ್ನು ಮೇಲೆ ಹಣೆ ತೊಳೆದೇ ಒಳಗೆ ಹೋಗಬೇಕೆಂದು ಕಟ್ಟಪ್ಪಣೆಯಾಯಿತು. ಆದರೆ ನಗುವಾಗಲೂ ಶಾಹೀನಳ ಕಣ್ಣು ಪರದೆಯ ಮೇಲಿತ್ತು. ಸುಣ್ಣದ ಗೆರೆ ಏರಿತು, ಬಿಕ್ಕಳಿಕೆ ಬಂತು, ಗೆರೆ ಇಳಿಯಿತು. ಬೆಂಕಿ ನಾಕಾರು ಸಲ ಹತ್ತುವಷ್ಟರಲ್ಲಿ ಸುಣ್ಣದ ಸುಳಿವೇ ಇರಲಿಲ್ಲ.

ಹೆಬ್ಬಾರರಿಗೆ ಬಿಕ್ಕಳಿಕೆ ಕಂಡರಾಗದು. ಒಂದೊಂದು ಬಿಕ್ಕಳಿಕೆಗೂ ಒಂದಿಷ್ಟು ಬಿಸಿ ಹೊರಕ್ಕೆ ತುಳುಕಿ ವ್ಯರ್ಥವಾಗುತ್ತದೆ, ದೊಡ್ಡದಾದರೆ ಬೆಂಕಿಯನ್ನೇ ಅಲುಗಿಸುತ್ತದೆ. ಅವರ ಮಾತೂ ಸುಳ್ಳಲ್ಲ. ಪ್ಲಾಸ್ಮಾ ಕಾಯಿಸಲು ಒಂದು ಮೈಕ್ರೋವೇವ್ ಅಲೆಯ ಸಾಧನವಿತ್ತು. ಒಂದು ತಾಮ್ರದ ಕನ್ನಡಿ ಆ ಅಲೆಯನ್ನು ಒಳಗೆ ಬೇಕಾದ ಕಡೆಗೆ ತಿರುಗಿಸುತ್ತಿತ್ತು. ಹೆಬ್ಬಾರರು ತಿಂಗಳುಗಟ್ಟಲೆ ಕೂತು ಆ ಕನ್ನಡಿಯನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಮಾಡಿ, ಅಲೆ ನಡುವಿಗೆ ಬೀಳದೆ ಪಕ್ಕಕ್ಕೆ ಬೀಳುವ ಹಾಗೆ ನಿಲ್ಲಿಸಿದರು. ಬಿಕ್ಕಳಿಕೆ ನಿಂತಿತು. ಬೆಂಕಿ ಕೆರೆಯ ನೀರಿನ ಹಾಗೆ ಶಾಂತವಾಯಿತು. ಕನ್ನಡಿಯ ತಿರುಪಿನ ಮೇಲೆ ಚೀಟಿ ಅಂಟಿಸಿದರು: ‘ಮುಟ್ಟಬಾರದು’. ಆಯುಧಪೂಜೆಯ ದಿನ ಆ ಚೀಟಿಗೂ ಕುಂಕುಮ ಬಿತ್ತು.

ಅಲ್ಲಿಂದ ಒಂದು ಪದ್ಧತಿ ಶುರುವಾಯಿತು. ಬೆಂಕಿ ಹತ್ತುವಾಗ ಕೋಣೆಯಲ್ಲಿ ಯಾರೂ ಉಸಿರೆತ್ತಬಾರದು. ಬಿಕ್ಕದೆ ಹತ್ತಿ ಆರಿದ ಬೆಂಕಿಗೆ ಹೆಬ್ಬಾರರ ಕೈಯಿಂದ ಎಲ್ಲರಿಗೂ ಕಡಲೆ ಮಿಠಾಯಿ. ಓಬಯ್ಯ ಅದನ್ನು ‘ಮೌನವ್ರತದ ಪ್ರಸಾದ’ ಎನ್ನುತ್ತಿದ್ದ.

ಆ ಶಾಂತಿಯಲ್ಲಿ ನನಗೇನಾಯಿತು, ಕೇಳಿ. ಒಳಗೆ ಕಲಕುವವರಿಲ್ಲ, ಹೊರಗೆ ತುಳುಕಿಸುವವರಿಲ್ಲ. ನಡುವಿನಲ್ಲಿ ಜಲಜನಕದ ಸಂದಣಿ ದಟ್ಟವಾಗುತ್ತ ಹೋಯಿತು. ಎಳೆತದ ಕೈ ಮೇಲಾಯಿತು. ನಾವು ನಡುವಿಗೆ ಜಾರಿದೆವು, ಒಬ್ಬರ ಮೇಲೊಬ್ಬರು. ಹೊಳೆದೆವು. ನಡು ತಣ್ಣಗಾಯಿತು. ತಣ್ಣಗಾದಂತೆ ಹೊರಕ್ಕೆ ತಳ್ಳುತ್ತಿದ್ದ ಬಿಸಿಯ ಏರೂ ಚಪ್ಪಟೆಯಾಯಿತು, ಆಮೇಲೆ ತಿರುಗಿಯೇ ಬಿಟ್ಟಿತು. ಈಗ ಎರಡೂ ಒಳಕ್ಕೇ ಎಳೆಯುವವೇ. ಹೊಟ್ಟೆ ಟೊಳ್ಳಾದ ಬೆಂಕಿ ಎಷ್ಟು ಹೊತ್ತು ನಿಂತೀತು? ಧಡ್ ಎಂದು ಕುಸಿಯಿತು. ಕಟ್ಟಡ ಅದುರಿತು. ಅದರ ಬಿಸಿಯೆಲ್ಲ ಒಮ್ಮೆಗೇ ನನ್ನ ಬಿಲ್ಲೆಯ ಮೇಲೆ ಬಿದ್ದು ಒಂದು ಮೂಲೆ ಸೀಳಿತು.

ಮತ್ತೆ ಹಚ್ಚಿದರು, ಮತ್ತೆ ಕುಸಿಯಿತು. ಮೊದಲರ್ಧ ಶಾಂತಿ, ಕೊನೆಗೆ ಧಡ್. ಬಾಗಿಲು ತೆಗೆದು ನೋಡಿದಾಗ ಸೀಳಿದ ಬಿಲ್ಲೆ ನಾನೇ. ಓಬಯ್ಯ ಹಣೆ ತೊಳೆದುಕೊಂಡು ಒಳಗೆ ಬಂದು ನನ್ನನ್ನು ಕಳಚಿ ನನ್ನ ಜಾಗಕ್ಕೆ ಇನ್ನೊಂದು ಬಿಲ್ಲೆ ಕೂರಿಸಿದ. ಹೆಬ್ಬಾರರು ನನ್ನನ್ನು ಕೋಣೆಯ ದೊಡ್ಡ ಮೇಜಿನ ಮೇಲಿಟ್ಟು ಎಲ್ಲರಿಗೂ ತೋರಿಸಿದರು.

“ಇದೇ ನೋಡಿ ಕಲ್ಮಶದ ಮೂಲ.”

ಮೂಲವಂತೆ. ನನಗೆ ಬಾಯಿದ್ದಿದ್ದರೆ ಅವತ್ತೇ ಹೇಳುತ್ತಿದ್ದೆ. ನಾನು ಬಂದದ್ದು ಹೌದು. ಕೂರಿಸಿದವರು ಯಾರು?

ನನ್ನ ಬಾಯಿಯಾದವಳು ಶಾಹೀನ್. ಆದರೆ ಅವಳ ಮಾತಿಗೆ ಆಗ ಬೆಲೆಯಿರಲಿಲ್ಲ. ಹೆಬ್ಬಾರರು ತೀರ್ಮಾನ ಮಾಡಿಬಿಟ್ಟಿದ್ದರು. ಆ ಗುರುವಾರ ಕೊನೆಯ ಬೆಂಕಿ, ಸೋಮವಾರ ಬಾಗಿಲು ತೆಗೆದು ಟಂಗ್‌ಸ್ಟನ್ ಬಿಲ್ಲೆಗಳನ್ನೆಲ್ಲ ಕಳಚಿ ಮತ್ತೆ ಕರಿ ಬಿಲ್ಲೆ ಹಾಕುವುದು. ಕರಿ ಬಿಲ್ಲೆ ಬಂದರೆ ದೊಡ್ಡ ಬೆಂಕಿಯ ಆಸೆಯನ್ನು ಆ ಯಂತ್ರ ಬಿಟ್ಟಂತೆಯೇ. ಶಾಹೀನಳ ಇಷ್ಟು ವರ್ಷದ ಕೆಲಸಕ್ಕೆ ‘ಆಗಲಿಲ್ಲ’ ಎಂಬ ಒಂದೇ ಮಾತು ಉಳಿಯುವುದು. ಅವಳು ನನ್ನ ಸೀಳಿದ ಮೂಲೆಯನ್ನು ಬೆರಳಲ್ಲಿ ಸವರಿದಳು. ಆಮೇಲೆ ಎದ್ದಳು.

“ಓಬಯ್ಯ, ನಿಮ್ಮ ಈಬತ್ತಿ ಒಂದು ಚಿಟಿಕೆ ಕೊಡ್ತೀರಾ?”

ಓಬಯ್ಯ ಹೌಹಾರಿದ. “ಯಾಕೆ ತಾಯಿ? ಮತ್ತೆ ಸಿಕ್ಕಾಕ್ಕಂಬಾದು ನಾನೇ!”

“ಈ ಸಲ ನಾನು.”

ಅವಳು ಹೋಗಿ ಹೆಬ್ಬಾರರ ಎದುರು ನಿಂತು ಕೇಳಿಯೇ ಕೇಳಿದಳು. ಪುಡಿ ಉದುರಿಸುವ ಸಣ್ಣ ಕೊಳವೆಯೊಂದು ಯಂತ್ರದ ನೆತ್ತಿಯಲ್ಲಿದೆ. ಅದರಿಂದ ಒಂದು ಚಿಟಿಕೆ ವಿಭೂತಿಯನ್ನು ಶಾಂತ ಬೆಂಕಿಗೆ ಹಾಕಬೇಕು.

“ಕೊಳೆಯನ್ನು ಕೈಯಾರೆ ಹಾಕುದಾ?” ಹೆಬ್ಬಾರರು ಕನ್ನಡಕ ತೆಗೆದರು. “ನಿಂಗೆ ತಲೆ ಸರಿ ಉಂಟಾ?”

“ಹೇಗೂ ಸೋಮವಾರ ಎಲ್ಲ ಕೀಳ್ತೀರಲ್ಲ ಸಾರ್. ಒಂದು ಚಿಟಿಕೆಗೆ ಯಾಕೆ ಬೇಜಾರು?”

ಅವರು ಒಪ್ಪಿದರು. ಬುಧವಾರ ಬೆಳಿಗ್ಗೆ ಹಾಕಿದರು. ನಾನು ಮೇಜಿನಿಂದ ನೋಡಿದೆ. ಸುಣ್ಣದ ಗೆರೆ ಏರಿತು. ಬಿಕ್ಕಳಿಕೆ ಇಲ್ಲ. ಗೆರೆ ಇಳಿಯಲೇ ಇಲ್ಲ. ಏರಿದ್ದು ಏರಿದ ಹಾಗೇ ನಡುವಿನಲ್ಲಿ ಕೂತುಬಿಟ್ಟಿತು, ಬೆಂಕಿ ಕುಸಿಯುವ ತನಕ.

“ನೋಡಿದ್ರಾ ಸಾರ್?” ಶಾಹೀನ್ ಪರದೆಯ ಗೆರೆಗೆ ಬೆರಳಿಟ್ಟಳು. “ಅದೇ ಸುಣ್ಣ. ಬಿಕ್ಕುವಾಗ ಬಂತು, ಹೋಯ್ತು. ಬಿಕ್ಕದೆ ಇದ್ದಾಗ ಬಂತು, ಕೂತ್ಕೊಳ್ತು. ಸುಣ್ಣ ಆದ್ರೇನು, ಟಂಗ್‌ಸ್ಟನ್ ಆದ್ರೇನು? ಕೊಳೆ ಬರೋದನ್ನ ಪೂರ್ತಿ ತಡೆಯೋಕೆ ಯಾರಿಂದಲೂ ಆಗಲ್ಲ. ಬಂದದ್ದು ಹೋಗೋ ದಾರೀನ ನಾವು ಮುಚ್ಚಿದೀವಿ. ನಮ್ಮ ಮಾಮೂದು, ಸೋದರಮಾವಂದು, ಆಲೆಮನೆ ಇತ್ತು. ಕಬ್ಬಿನ ಹಾಲು ಕಾಯಿಸುವಾಗ ಉರಿ ನಡುವಿಗೆ ಕೊಟ್ರೆ ಮಡ್ಡಿಯೆಲ್ಲ ಅಂಚಿಗೆ ಬರ್ತದೆ, ಜಾಲರಿಯಲ್ಲಿ ಎತ್ತಿ ಹಾಕ್ತಾರೆ. ಅಂಚಿಗೆ ಉರಿ ಕೊಟ್ಟು ನಡು ಸುಮ್ಮನೆ ಬಿಟ್ರೆ ಮಡ್ಡಿ ನಡುವಲ್ಲೇ ಕೂರ್ತದೆ. ಆ ಕನ್ನಡಿ ತಿರುಗಿಸಿ ಸಾರ್. ಅಲೆ ನಡುವಿಗೆ ಬೀಳ್ಲಿ.”

“ಇದು ಆಲೆಮನೆ ಅಲ್ಲ ಮಾರಾಯ್ತಿ. ಕನ್ನಡಿ ತಿರುಗಿಸಿದ್ರೆ ಬಿಕ್ಕಳಿಕೆ ವಾಪಸ್ ಬರ್ತದೆ.”

“ಬರ್ಲಿ! ಬಿಕ್ಕಳಿಕೆ ಬೇಕು ಸಾರ್!”

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಬಿಕ್ಕಳಿಕೆ ಬೇಕೆಂದು ಅಳುವ ಮುಖ ಮಾಡಿದವರನ್ನು ಅವರು ಮೊದಲ ಸಲ ಕಂಡದ್ದು.

“ಇಷ್ಟು ಕಾಯ್ದ ಬೆಂಕಿಯಲ್ಲಿ ದೊಡ್ಡದೊಂದು ಬಿಕ್ಕಿದ್ರೆ ಬಿಲ್ಲೆ ಅಲ್ಲ, ಪಾತ್ರೆಯೇ ಸೀಳೀತು,” ಎಂದರು ಹೆಬ್ಬಾರರು. “ನಾನು ಬೇಡ ಅಂದೆ. ಮುಗಿಯಿತು.”

ಅವರದೂ ಬರಿಯ ಹಟವಲ್ಲ. ಆ ಯಂತ್ರವನ್ನು ಅವರು ಕಟ್ಟಿಸಿದವರು, ಅದಕ್ಕೆ ಏನಾದರೂ ಆದರೆ ತಾವೇ ಸೀಳಿದ ಹಾಗೆ ಆಡುವವರು. ಆದರೂ ಹೇಳುತ್ತೇನೆ, ಅವತ್ತು ಅವರು ನನ್ನನ್ನು ನೋಡಿ ಮಾತಾಡಲಿಲ್ಲ. ತಾವು ಅಂಟಿಸಿದ ಚೀಟಿಯನ್ನು ನೋಡಿ ಮಾತಾಡಿದರು.

ಗುರುವಾರ ಬಂತು. 

ಕೊನೆಯ ಬೆಂಕಿಗೆ ಎಲ್ಲ ಅಣಿಯಾಗಿತ್ತು. ಕುಸಿಯುವ ಲಕ್ಷಣ ಕಂಡರೆ ಎಲ್ಲವನ್ನೂ ನಿಲ್ಲಿಸುವ ಕೆಂಪು ಗುಂಡಿ ಹೆಬ್ಬಾರರ ಬಲಗೈ ಹತ್ತಿರ, ನನ್ನಿಂದ ಒಂದು ಗೇಣು ದೂರ. ಶಾಹೀನ್ ಎದ್ದು ನಿಂತಳು. ಕೋಣೆಗೆಲ್ಲ ಕೇಳುವ ಹಾಗೆ ಹೇಳಿದಳು.

“ಸಾರ್, ಕನ್ನಡಿ ತಿರುಗಿಸ್ತಾ ಇದ್ದೀನಿ. ಕದ್ದು ಮಾಡ್ತಿಲ್ಲ. ನಿಮ್ಮ ಕಣ್ಣೆದುರಿಗೇ ಮಾಡ್ತಿದ್ದೀನಿ. ಬೇಡ ಅನ್ನಿಸಿದ್ರೆ ಗುಂಡಿ ನಿಮ್ಮ ಕೈಯಲ್ಲಿದೆ.”

“ಶಾಹೀನ್, ಕೂತ್ಕೋ.”

ಅವಳು ಕೂರಲಿಲ್ಲ. ಕನ್ನಡಿಯ ತಿರುಪಿನ ಹತ್ತಿರ ಹೋಗಿ ಚೀಟಿಯನ್ನು ಮೆಲ್ಲಗೆ ಬಿಡಿಸಿ ಮಡಚಿಟ್ಟಳು. ತಿರುಪನ್ನು ತಿರುವಿದಳು. ಓಬಯ್ಯ ಪಂಪಿನ ಕಂಬ ಹಿಡಿದು ಕಣ್ಣು ಮುಚ್ಚಿಕೊಂಡ. ಬೆಂಕಿ ಹೊತ್ತುವ ಎಣಿಕೆ ಆಗಲೇ ಶುರುವಾಗಿತ್ತು. ಹೆಬ್ಬಾರರ ಅಂಗೈ ಗುಂಡಿಯ ಮೇಲೆ ಬಂತು. ಒತ್ತಿದರೆ ಮುಗಿಯಿತು. ಅವರ ಕೈಯ ನರ ಎದ್ದು ನಿಂತದ್ದು ನನಗೆ ಕಾಣುತ್ತಿತ್ತು.

ಬೆಂಕಿ ಹತ್ತಿತು.

ಒಳಗೆ ನನ್ನ ಒಡಹುಟ್ಟಿದವರಿದ್ದರು. ನನ್ನ ಮೈಯಿಂದ ಎದ್ದ ಹಳೆಯ ಹುಡಿಯೂ ಗೋಡೆಗಂಟಿಕೊಂಡು ಅಲ್ಲೇ ಇತ್ತು. ಪರದೆಯ ಮೇಲೆ ಟಂಗ್‌ಸ್ಟನ್ನಿನ ಗೆರೆ ಏರತೊಡಗಿತು. ಏರಿತು, ಏರಿತು. ಹೆಬ್ಬಾರರ ಅಂಗೈ ಇಳಿಯಿತು, ಗುಂಡಿಯನ್ನು ತಾಗಿ ನಿಂತಿತು.

ಆಗ ಬೆಂಕಿ ಬಿಕ್ಕಿತು.

ಗೆರೆ ಬಿತ್ತು. ನಡುವಿನ ಬಿಸಿ ತುಸು ಇಳಿದು ಮತ್ತೆ ಚಿಗಿಯಿತು. ಗೆರೆ ಏರಿತು, ಮತ್ತೆ ಬಿಕ್ಕಿತು, ಮತ್ತೆ ಬಿತ್ತು. ಕಣ್ಣು ಬಿಟ್ಟ ಓಬಯ್ಯ ಮೌನವ್ರತ ಮರೆತು ಕಿರುಚಿದ: “ಬಿಕ್ತು! ಅಗಾ, ಇನ್ನೊಂದ್ಸಲ ಬಿಕ್ತು!” ಯಾರೂ ಅವನನ್ನು ಗದರಲಿಲ್ಲ. ಬೆಂಕಿ ಬಿಕ್ಕುತ್ತ ಬಿಕ್ಕುತ್ತ, ಗೊತ್ತುಮಾಡಿದ ಹೊತ್ತಿನ ತುದಿಯವರೆಗೂ ಉರಿದು, ಹೇಳಿದ ಹಾಗೆ ಆರಿತು. ಧಡ್ ಎನ್ನಲಿಲ್ಲ. ಕಟ್ಟಡ ಅದುರಲಿಲ್ಲ.

ಅದೇ ನನ್ನ ತಕರಾರು. ನಡುವಿಗೆ ಹೋಗುವುದು ತಪ್ಪಾದರೆ, ಅಲ್ಲಿಂದ ಬರಲು ಬಿಡದೆ ಇರುವುದಕ್ಕೆ ಏನನ್ನಬೇಕು? ಕಲಕಿದರೆ ನಾವು ಹೊರಡುತ್ತೇವೆ. ಕಲಕಲು ಹೆದರಿ, ಹೆದರಿಕೆಗೆ ಶಾಂತಿ ಅಂತ ಹೆಸರಿಟ್ಟು, ಅದಕ್ಕೆ ಮಿಠಾಯಿ ಹಂಚಿಕೊಂಡು, ಕುಸಿದಾಗ ನಮ್ಮ ಕಡೆ ಬೆರಳು ಮಾಡಿದರೆ ನಾನು ಒಪ್ಪುವುದಿಲ್ಲ. ನನ್ನ ಮೈಯ ಸೀಳನ್ನು ಯಾರು ಬೇಕಾದರೂ ಬಂದು ನೋಡಲಿ.

ಹೆಬ್ಬಾರರು ಗುಂಡಿಯ ಮೇಲಿಂದ ಕೈ ತೆಗೆದು ಒರೆಸಿಕೊಂಡರು. ಬೆವರಿತ್ತು.

“ಬಿಲ್ಲೆ ಕಳಚುದು ಬೇಡ,” ಎಂದರು.

ಯಾರೋ ಚಪ್ಪಾಳೆ ತಟ್ಟಲು ಹೋದರು. ಅವರು ಕೈಯೆತ್ತಿ ತಡೆದರು.

“ನೀನು ಹೇಳಿದ್ದು ಸರಿ ಉಂಟು, ಶಾಹೀನ್. ತಪ್ಪು ನನ್ನದು. ಆದ್ರೆ ಬೇಡ ಅಂದ ಮೇಲೆ ನೀನು ಮಾಡಿದ್ದು ಹೌದು. ಇವತ್ತು ನಿನ್ನನ್ನು ಬಿಟ್ರೆ ನಾಳೆ ಇನ್ನೊಬ್ಬ ಮುಟ್ತಾನೆ, ಅವನು ಹೇಳಿದ್ದು ಸರಿ ಇರುದಿಲ್ಲ. ಈ ಕೋಣೆಗೆ ನೀನು ಇನ್ನು ಬರುವ ಹಾಗಿಲ್ಲ.”

“ಗೊತ್ತಿತ್ತು ಸಾರ್.” ಅವಳು ತಲೆ ತಗ್ಗಿಸಲಿಲ್ಲ. “ಕನ್ನಡಿ?”

“ಈಗ ಇದ್ದ ಹಾಗೇ ಇರ್ತದೆ.”

“ಅಷ್ಟು ಸಾಕು.”

ನನಗೆ ಸಿಟ್ಟು ಬಂದದ್ದು ಆಗ. ಅವಳಿಗೆ ಬರಲಿಲ್ಲ. ಕೊಟ್ಟ ಮಾತಿನಂತೆ ಹೆಬ್ಬಾರರು ಕನ್ನಡಿ ಮುಟ್ಟಲಿಲ್ಲ, ಹೊಸ ಚೀಟಿಯನ್ನೂ ಅಂಟಿಸಲಿಲ್ಲ. ಅವರು ಅಲ್ಲಿ ಇದ್ದಷ್ಟು ವರ್ಷವೂ ಬೆಂಕಿ ಬಿಕ್ಕುತ್ತಲೇ ಉರಿಯಿತು, ನನ್ನ ಒಡಹುಟ್ಟಿದವರು ತಳದಲ್ಲಿ ಗಟ್ಟಿಯಾಗಿ ಕೂತೇ ಇದ್ದರು. ಈಗಲೂ ಇದ್ದಾರೆ. ನಾನು ಮಾತ್ರ ಹೊರಗೆ. ಮೇಜಿನಿಂದ ಕಪಾಟಿಗೆ, ಕಪಾಟಿನಿಂದ ಕಿಟಕಿಯ ಅಡ್ಡಪಟ್ಟಿಗೆ ಬಂದಿದ್ದೇನೆ. ಗಾಳಿಗೆ ಬಾಗಿಲು ಹೊಡೆದುಕೊಳ್ಳದ ಹಾಗೆ ಒಮ್ಮೊಮ್ಮೆ ನನ್ನನ್ನು ನೆಲಕ್ಕಿಟ್ಟು ಒತ್ತುಕೊಡುತ್ತಾರೆ. ಹೊಸಬರು ಬಂದಾಗ ಎತ್ತಿ ತೋರಿಸಿ, “ಕಲ್ಮಶ ಬರೋದು ಇದರಿಂದ,” ಎನ್ನುತ್ತಾರೆ. ಎನ್ನಲಿ. ಮುದುಕನಾಗಿದ್ದೇನೆ, ಮೂಲೆ ಸೀಳಿದೆ, ಆದರೆ ಇನ್ನೂ ಬಗ್ಗಿಲ್ಲ.

ಶಾಹೀನ್ ತನ್ನ ಸಾಮಾನು ತೆಗೆದುಕೊಳ್ಳಲು ಬಂದಾಗ ಬಾಗಿಲಲ್ಲೇ ನಿಂತಳು, ಒಳಗೆ ಕಾಲಿಡಲಿಲ್ಲ. ಓಬಯ್ಯನೇ ಒಂದೊಂದಾಗಿ ತಂದುಕೊಟ್ಟ. ನನ್ನನ್ನೂ ಎತ್ತಿ ತಂದ.

“ಇದನ್ನ ಒಯ್ಯಿರಿ ತಾಯಿ. ಇಲ್ಲಿ ಬೈಸ್ಕೊಂಡು ಯಾಕಿರಬೇಕು?”

ಅವಳು ನನ್ನನ್ನು ಎರಡು ಕೈಯಲ್ಲಿ ಹಿಡಿದಳು. ಆ ಭಾರಕ್ಕೆ ಅವಳ ಮೊಣಕೈ ತುಸು ತಗ್ಗಿತು. ಮತ್ತೆ ಅವನ ಕೈಗೇ ಕೊಟ್ಟಳು.

“ಇಲ್ಲೇ ಇರ್ಲಿ ಓಬಯ್ಯ. ನಾನೂ ಇದೂ ಇಬ್ಬರೂ ಹೋಗಿಬಿಟ್ರೆ ಇವರ ಜೊತೆ ತಕರಾರು ಮಾಡೋಕೆ ಯಾರಾದ್ರೂ ಬೇಡ್ವಾ?”

ಅವಳು ಮೆಟ್ಟಿಲಿಳಿದು ಹುಲ್ಲುಗಾವಲಿನ ದಾರಿ ಹಿಡಿದು ಬಸ್ಸಿನ ಕಡೆ ನಡೆದಳು. ಓಬಯ್ಯ ನನ್ನನ್ನು ಎದೆಗೊತ್ತಿಕೊಂಡು ನೋಡುತ್ತ ನಿಂತ. ಸೋಮವಾರ ಹೊರಗೆ ಹೋಗಬೇಕಿದ್ದವರು ನಾವು, ಬಿಲ್ಲೆಗಳು. ಹೋದವಳು ಶಾಹೀನ್. ಅವತ್ತು ಶನಿವಾರ.